ಗಾಲಿ ಬಿಚ್ಚಿದ ಬೋಗಿ

ಮೇಡಂ ಬಂದ ದಿನ ನಾನೇ ಅಂದಿದ್ದೆ:
'ಬಾಯಿಲ್ಲದ ಹೆಂಗಸು. ಈ ಶೆಡ್ಡಿಗೆ ಗಂಟಲು ಬೇಕು.'
ಅಶೋಕಪುರಂ ವರ್ಕ್‌ಶಾಪಿನ ಮೂರನೇ ಲೈನು,
ಕ್ರೇನಿನ ಕೂಗು, ಗ್ರೈಂಡರಿನ ಕಿಡಿ,
ಇಪ್ಪತ್ತಾರು ವರ್ಷದಿಂದ ಅವೆಲ್ಲದರ ಮೇಲೆ ಹಾಯುವ ನನ್ನ ದನಿ.
ಸೀನಿಯರು ನಾನು. ಕುರ್ಚಿ ಅವರಿಗೆ.
ನಂಜನಗೂಡಿನ ಪ್ಯಾಸೆಂಜರಿನಲ್ಲಿ ಬಂದಿಳಿದು
ಟಿಫನ್ ಡಬ್ಬಿ ಮೇಜಿನ ಮೇಲಿಟ್ಟು
'ನಾನು ಗುರುಮಲ್ಲಮ್ಮ' ಅಂದರು.
ಅಷ್ಟೇ ಭಾಷಣ.
ಚಪ್ಪಾಳೆಗೆಂದು ಎತ್ತಿದ ಕೈಯಲ್ಲಿ
ಅರುಳಪ್ಪ ತಲೆ ಕೆರೆದುಕೊಂಡ.

ಮೊದಲ ತಿಂಗಳು ಆಳಿಗೊಂದು ಕತೆ ಕಟ್ಟಿದೆವು:
ಜಂಬ, ಭಯ, ಮನೇಲೇನೋ ಇರಬೇಕು.
ಅವರು ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ
ನಾದ ಪೂರಾ ಆರುವವರೆಗೆ ಕಾಯುತ್ತಿದ್ದರು.
ತಟ್ಟುವುದು ಎಲ್ಲರಿಗೂ ಬರುತ್ತೆ ಸ್ವಾಮಿ.
ಆರುವವರೆಗೆ ಕಾಯುವುದು…
ಅಷ್ಟರಲ್ಲಿ ನಾನು ನಾಲ್ಕನೇ ಗಾಲಿಯಲ್ಲಿರುತ್ತಿದ್ದೆ.

ಮನುಷ್ಯರ ಹತ್ತಿರವೂ ಹಾಗೇ.
'ಇನಾಯತ್, ಈ ಬೋಲ್ಟು ಯಾಕೆ ಪದೇ ಪದೇ ಸಡಿಲ ಆಗ್ತದೆ?'
ಕೇಳಿ ಸುಮ್ಮನಾಗಿಬಿಟ್ಟರು.
ಎಷ್ಟು ಉದ್ದದ ಸುಮ್ಮನೆ ಅಂದರೆ
ಇನಾಯತ್ ಒಂದು ಸುಳ್ಳು ಹೇಳಿ,
ಅದನ್ನು ತಾನೇ ತಿದ್ದಿ,
ಕೊನೆಗೆ ನಾಕು ವರ್ಷ ಯಾರೂ ಕೇಳದೇ ಇದ್ದದ್ದನ್ನು ಹೇಳಿದ:
ಸ್ಟೋರಿಂದ ಬರೋ ವಾಷರೇ ತಪ್ಪಳತೆಯದು.
ಗುರುವಾರ ಹೊಸ ವಾಷರು ಬಂತು.
ಬೇಡಿಕೆಯ ಚೀಟಿಯಲ್ಲಿ ಇನಾಯತನ ಹೆಸರಿತ್ತು,
ಅವರದಿರಲಿಲ್ಲ.

ಹುಬ್ಬಳ್ಳಿಯಿಂದ ಸಾಹೇಬರು ಬಂದ ದಿನ ಮಾತ್ರ
ನಮ್ಮ ಓಟಿ ಕತ್ತರಿಸಿ ಹೋಯಿತು.
ಪಕ್ಕದ ಲೈನಿನವನು ಅರ್ಧ ಗಂಟೆ ತನ್ನ ತುತ್ತೂರಿ ಊದಿದನಂತೆ,
ಇವರು ಲೆಕ್ಕದ ಹಾಳೆ ಹಿಡಿದು ಕೂತೇ ಇದ್ದರಂತೆ.
ರೇಗಿತು. ಹುಡುಕಿಕೊಂಡು ಹೊರಟೆ.
ಆಫೀಸಲ್ಲಿಲ್ಲ. ಕ್ಯಾಂಟೀನಲ್ಲಿಲ್ಲ.
ಗಾಲಿ ಬಿಚ್ಚಿ ಸ್ಟ್ಯಾಂಡಿನ ಮೇಲೆ ಕೂರಿಸಿದ ಬೋಗಿ,
ಒಳಗೆ ಫ್ಯಾನು ಕಿತ್ತಿದೆ, ದೀಪ ಕಿತ್ತಿದೆ,
ಉಳಿದ ಒಂದೇ ಸೀಟಿನಲ್ಲಿ, ಕಿಟಕಿ ಪಕ್ಕ,
ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು
ಎಲ್ಲಿಗೂ ಹೋಗದ ರೈಲಿನಲ್ಲಿ
ಗುರುಮಲ್ಲಮ್ಮ ಪ್ರಯಾಣ ಮಾಡುತ್ತಿದ್ದರು.
ಎದುರು ಶೆಡ್ಡಿನ ತಗಡು,
ತಗಡಿನ ಸಂದಿಯಲ್ಲಿ ಬೆರಳಗಲ ಚಾಮುಂಡಿ ಬೆಟ್ಟ.

'ಹತ್ತು ನಿಮಿಷ, ಜವರಯ್ಯ' ಅಂದರು.
'ಜನ ಹೆಚ್ಚಾದರೆ ಒಳಗೆಲ್ಲಾ ಗ್ರೈಂಡರು ಓಡಿದ ಹಾಗಾಗುತ್ತೆ.
ಅಲ್ಲಿ ಮಾತು ಏಳಲಿಲ್ಲ. ತಪ್ಪು ನನ್ನದೇ.'
ಕಟ್ಟಿಕೊಂಡು ಹೋಗಿದ್ದ ಜಗಳ
ಬಾಗಿಲ ಮೆಟ್ಟಿಲಲ್ಲೇ ನಿಂತಿತ್ತು.
ತುಂಬಾ ಹೊತ್ತಿನ ಮೇಲೆ,
'ಮುಂದಿನ ಸಲ ನೀವು ಬರ್ತೀರಾ?'

ಹೋದೆ.
ಲೆಕ್ಕ ಅವರದು, ಗಂಟಲು ನನ್ನದು.
ಒಂದು ಕಡೆ ಅಂಕಿ ಕೊಂಚ ಉಬ್ಬಿಸಿದೆ, ಅಭ್ಯಾಸಬಲ.
ಮೇಡಂ ಪೆನ್ನಿನಿಂದ ಮೇಜನ್ನು ಒಂದೇ ಸಲ ತಟ್ಟಿದರು.
ಒಡಕು ನನ್ನ ಕಿವಿಗೇ ಕೇಳಿಸಿತು.
ತಿದ್ದಿಕೊಂಡೆ.
ಓಟಿ ಅರ್ಧ ವಾಪಸು ಬಂತು. ಅರ್ಧವೇ.
ಸಾಹೇಬರೂ ಸಾಹೇಬರೇ ಅಲ್ಲವೆ.

ಈಗ ಯಾವ ಬೋಗಿ ಸ್ಟ್ಯಾಂಡಿಗೇರಿದರೂ
ಕಿಟಕಿ ಪಕ್ಕದ ಒಂದು ಸೀಟನ್ನು ಕೊನೆಗೆ ಬಿಚ್ಚುತ್ತೇವೆ.
ಹಾಗಂತ ಯಾರೂ ಹೇಳಿದ್ದಲ್ಲ.
ಬೆಳಗಿನ ಮೀಟಿಂಗು ಮುಗಿದ ಮೇಲೆ
ಆ ಕಡೆ ಗ್ರೈಂಡರೂ ಹತ್ತು ನಿಮಿಷ ಬೇರೆ ಕೆಲಸ ಹುಡುಕಿಕೊಳ್ಳುತ್ತೆ.
ಮೊನ್ನೆ, ಮಳವಳ್ಳಿ ಕಡೆಯ ಹೊಸ ಹುಡುಗ ಸಿದ್ದಪ್ಪಾಜಿ
ಸ್ಪ್ಯಾನರು ಹಿಡಿದು ಬೋಗಿ ಹತ್ತಲು ಹೋದ.
ಇಡೀ ಶೆಡ್ಡು ಬೆಚ್ಚುವಂತೆ ಕೂಗಲು ಬಾಯಿ ತೆರೆದವನು
ತುಟಿಯ ಮೇಲೆ ಬೆರಳಿಟ್ಟೆ.

'ಏನ್ ಸಾರ್?' ಅಂದ ಅವನು,
ಗಟ್ಟಿಯಾಗಿ.